ಕಾರ್ ಶೆಡ್ ನೆಲ ಕಿತ್ತೋಗಿದೆ, ಮೇಲೆ ಏನ್ ಹಾಕ್ಸೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ದಾವಣಗೆರೆ ನಿಟ್ಟುವಳ್ಳಿ ಕಡೆ ನಮ್ಮನೆ. ಕಾರ್ ನಿಲ್ಸೋ ಶೆಡ್‌ನ ಕಾಂಕ್ರೀಟ್ ನೆಲ ಮೇಲ್ಪದರ ಎದ್ದು ಪುಡಿಪುಡಿ ಆಗ್ತಾ ಐತೆ, ಟೈರ್ ಓಡಾಡೋ ಜಾಗದಲ್ಲಿ ಜಲ್ಲಿನೇ ಕಾಣ್ತೈತೆ, ಗೇಟ್ ಹತ್ರ ಉದ್ದಕ್ಕೆ ಬಿರುಕು ಬೇರೆ. ಅಪ್ಪಾಜಿಗೆ ಮಂಡಿ ನೋವು, ಅಲ್ಲೇ ಎಡವ್ತಾರೆ, ಅದಕ್ಕೇ ಮಳೆಗಾಲಕ್ಕೆ ಮುಂಚೆ ಮುಗಿಸ್ಬೇಕು.

ಮೇಸ್ತ್ರಿ ಮೇಲೆ ಅರ್ಧ ಇಂಚು ಗಾರೆ ಬಳಿದ್ರೆ ಸಾಕು ಅಂತಾರೆ, ನಂಗೆ ಮನಸ್ಸಿಲ್ಲ, ಹಳೇ ಕಾಂಕ್ರೀಟ್ ಮೇಲೆ ಅಷ್ಟು ತೆಳ್ಳಗೆ ಹಾಕಿದ್ದು ಕಾರ್ ಭಾರಕ್ಕೆ ಹಪ್ಪಳದಂಗೆ ಏಳುತ್ತೆ. ಎಪಾಕ್ಸಿ (ನೆಲಕ್ಕೆ ಬಳಿಯೋ ಗಟ್ಟಿ ಪೇಂಟ್ ತರದ್ದು) ಚಂದ, ಆಯಿಲ್ ಬಿದ್ರೂ ಒರೆಸ್ಬೋದು, ಆದ್ರೆ ಕೆಳಗಿಂದ ತೇವ ಬಂದ್ರೆ ಗುಳ್ಳೆ ಎದ್ದು ಕಿತ್ತು ಬರುತ್ತೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಮಾರನೇ ದಿನ ತೆಗೆದು ನೋಡ್ದೆ, ಒಳಗಡೆ ನೀರಿನ ಹನಿ ಕೂತಿತ್ತು, ಹಂಗಾಗಿ ಭಯ.

ಇನ್ನು ಉಳಿದಿದ್ದು ಪಾರ್ಕಿಂಗ್ ಟೈಲ್ಸ್, ಶಹಾಬಾದಿ ಕಲ್ಲು, ಇಲ್ಲಾ ಇಂಟರ್‌ಲಾಕ್ ಬ್ಲಾಕ್. ಬ್ಲಾಕೇ 60 ಎಂಎಂ ದಪ್ಪ, ಕೆಳಗೆ ಮರಳು ಬೇರೆ, ಗೇಟಿಗೆ ತಗಲುತ್ತೆ, ಹಳೇ ನೆಲ ಒಡೀಲೇಬೇಕು. ನಂಗೆ ಟೈಲ್ಸ್ ಕಡೆಗೇ ಒಲವು, ಆದ್ರೆ ಕೆಳಗೆ ಟೊಳ್ಳು ಉಳಿದ್ರೆ ಟೈರ್ ಹತ್ತಿದ ತಕ್ಷಣ ಒಡೀತವೆ, ಮತ್ತೆ ನೆಲದ ಬಿರುಕು ಮೇಲಕ್ಕೂ ಬರುತ್ತಾ?

ದಾವಣಗೆರೆ, ಹರಿಹರ ಕಡೆ ಹಳೇ ನೆಲದ ಮೇಲೇ ಟೈಲ್ಸ್ ಅಥವಾ ಶಹಾಬಾದಿ ಹಾಕ್ಸಿದವರು ಯಾರಾದ್ರೂ ಇದ್ರೆ ಹೇಳ್ರೀ, ಮೊದ್ಲು ಹಳೇ ನೆಲ ಕೊಚ್ಚಿ ಒರಟು ಮಾಡ್ಸಿದ್ರಾ ಇಲ್ವಾ, ಮಳೇಲಿ ಜಾರುತ್ತಾ, ಚದರಡಿಗೆ ಕೂಲಿ ಎಷ್ಟಾಯ್ತು. ಫೋಟೋ ಇದ್ರೆ ದಯವಿಟ್ಟು ಹಾಕಿ.