ಕಂಟೇನರ್ ಇಮೇಜ್‌ನಿಂದ ಇನ್‌ಸ್ಟಾಲರ್ ಐಎಸ್ಒ ತಾನಾಗಿಯೇ ತಯಾರಾಗಬೇಕು: ಮಾಡಿ ನೋಡಿದವರು ತಿಳಿಸಿ

ಕೇಳಿದವರು (ಕಾಲೇಜು ಉಪನ್ಯಾಸಕಿ, ಹಾಸನ):
ನಮ್ಮ ಲ್ಯಾಬ್‌ನ ಕಂಪ್ಯೂಟರ್‌ಗಳಿಗೆಂದು ಫೆಡೋರಾ ಬೂಟ್‌ಸಿ (ಇಡೀ ಲಿನಕ್ಸ್ ಓಎಸ್ ಅನ್ನು ಕಂಟೇನರ್ ಇಮೇಜ್ ರೂಪದಲ್ಲಿ ಹಂಚುವ ವ್ಯವಸ್ಥೆ) ಆಧರಿಸಿ ಒಂದು ಇಮೇಜ್ ಸಿದ್ಧಪಡಿಸಿದ್ದೇನೆ. ಕನ್ನಡ ಫಾಂಟ್, ಐಬಸ್ ಕೀಲಿಮಣೆ, ಸಿ ಕಂಪೈಲರ್, ಪೈಥಾನ್ ಎಲ್ಲವೂ ಒಂದೇ ಕಂಟೇನರ್‌ಫೈಲ್‌ನಲ್ಲಿವೆ (ಇಮೇಜ್‌ನಲ್ಲಿ ಏನೇನು ಇರಬೇಕೆಂದು ಬರೆದ ಕಡತ). ಗಿಟ್‌ಹಬ್ ಆಕ್ಷನ್ಸ್ ಪ್ರತಿ ರಾತ್ರಿ ಅದನ್ನು ತಾನಾಗಿ ಬಿಲ್ಡ್ ಮಾಡಿ ರಿಜಿಸ್ಟ್ರಿಗೆ (ಇಮೇಜ್‌ಗಳನ್ನು ಇಡುವ ಆನ್‌ಲೈನ್ ಸಂಗ್ರಹ) ಕಳುಹಿಸುತ್ತದೆ. ಪೆನ್‌ಡ್ರೈವ್‌ಗೆ ಹಾಕುವ ಐಎಸ್ಒ (ಓಎಸ್ ಇನ್‌ಸ್ಟಾಲ್ ಮಾಡುವ ಕಡತ) ಮಾತ್ರ ಇನ್ನೂ ಕೈಯಲ್ಲೇ ಮಾಡುತ್ತಿದ್ದೇನೆ. ಅದನ್ನೂ ಪ್ರತಿ ರಾತ್ರಿ ತಯಾರಾಗುವಂತೆ ಮಾಡುವುದು ಹೇಗೆ?

ಸರ್ವರ್ ನಿರ್ವಾಹಕರು, ಮೈಸೂರು:
ಮೇಡಂ, ಪ್ರತಿ ರಾತ್ರಿ ಏಕೆ? ಐಎಸ್ಒ ಬೇಕಾಗುವುದು ಯಂತ್ರಕ್ಕೆ ಮೊದಲ ಬಾರಿ ಓಎಸ್ ಹಾಕುವಾಗ ಮಾತ್ರ. ಆಮೇಲಿನ ಅಪ್‌ಡೇಟ್‌ಗಳನ್ನೆಲ್ಲ ಬೂಟ್‌ಸಿ ನೇರವಾಗಿ ರಿಜಿಸ್ಟ್ರಿಯಿಂದ ತರುತ್ತದೆ, ಅದೂ ಬದಲಾದ ಲೇಯರ್‌ಗಳನ್ನಷ್ಟೇ. ಫೆಡೋರಾ ಆವೃತ್ತಿ ಬದಲಾದಾಗ, ಕಿಕ್‌ಸ್ಟಾರ್ಟ್ (ಇನ್‌ಸ್ಟಾಲರ್‌ನ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರಗಳು) ತಿದ್ದಿದಾಗ, ಇಲ್ಲವೇ ತಿಂಗಳಿಗೊಮ್ಮೆ ಮಾಡಿದರೆ ಧಾರಾಳವಾಯಿತು.

ಮಾಡುವ ವಿಧಾನ ಸರಳ. ಇಮೇಜ್‌ನಿಂದ ಐಎಸ್ಒ ಮಾಡುವ ಸಲಕರಣೆಯಾದ ಬೂಟ್‌ಸಿ-ಇಮೇಜ್-ಬಿಲ್ಡರ್ ಕೂಡ ಒಂದು ಕಂಟೇನರ್. ಕಂಟೇನರ್ ಓಡಿಸುವ ಪಾಡ್‌ಮನ್‌ನಲ್ಲಿ ಅದನ್ನು ಪ್ರಿವಿಲೆಜ್ಡ್ ಆಗಿ, ರೂಟ್ ಬಳಕೆದಾರನಾಗಿಯೇ ಓಡಿಸಿ, ಟೈಪ್ ಎಂಬಲ್ಲಿ ಅನಕೊಂಡಾ-ಐಎಸ್ಒ ಎಂದು ಕೊಡಬೇಕು. ಔಟ್‌ಪುಟ್ ಫೋಲ್ಡರಿನ ಒಳಗೆ ಬೂಟ್‌ಐಎಸ್ಒ, ಅದರೊಳಗೆ ಇನ್‌ಸ್ಟಾಲ್ ಡಾಟ್ ಐಎಸ್ಒ ಸಿಗುತ್ತದೆ. ಹೊಸಬರು ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಸಾಮಾನ್ಯ ಬಳಕೆದಾರರಾಗಿ ಬಿಲ್ಡ್ ಮಾಡಿದ ಇಮೇಜ್ ಈ ಸಲಕರಣೆಯ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ಹುಡುಕುವುದು ರೂಟ್‌ನ ಸಂಗ್ರಹದಲ್ಲಿ. ಹಾಗಾಗಿ ಮೊದಲು ಸುಡೋ ಹಾಕಿ ಪುಲ್ ಮಾಡಿ. ಫೆಡೋರಾ ಇಮೇಜ್ ಆದರೆ ಕಡತ ವ್ಯವಸ್ಥೆ ಎಕ್ಸ್‌ಎಫ್‌ಎಸ್ ಬೇಕೋ, ಬಿಟಿಆರ್‌ಎಫ್‌ಎಸ್ ಬೇಕೋ ಎಂಬುದನ್ನೂ ರೂಟ್‌ಎಫ್‌ಎಸ್ ಆಯ್ಕೆಯಲ್ಲಿ ನೀವೇ ಹೇಳಬೇಕು. ಸೆಂಟ್‌ಓಎಸ್‌ಗೆ ಈ ರಗಳೆ ಇಲ್ಲ.

ಶಾಲಾ ಲ್ಯಾಬ್‌ಗಳಿಗೆ ಲಿನಕ್ಸ್ ಹಾಕಿಕೊಡುವವರು, ಶಿವಮೊಗ್ಗ:
ಮೇಲಿನವರು ಕಿಕ್‌ಸ್ಟಾರ್ಟ್ ಎಂದು ಒಂದೇ ಮಾತಿನಲ್ಲಿ ಮುಗಿಸಿದರು, ನಿಜವಾದ ಕೆಲಸ ಇರುವುದೇ ಅಲ್ಲಿ. ಬಿಲ್ಡರ್‌ಗೆ ಕೊಡುವ ಕಾನ್ಫಿಗ್ ಡಾಟ್ ಟಾಮಲ್ ಕಡತದಲ್ಲಿ ಕಿಕ್‌ಸ್ಟಾರ್ಟ್ ಸಾಲುಗಳನ್ನು ಬರೆದರೆ ಬಳಕೆದಾರರನ್ನೂ ಅಲ್ಲಿಯೇ ಸೃಷ್ಟಿಸಬೇಕು. ಅದೇ ಕಡತದ ಬಳಕೆದಾರರ ವಿಭಾಗ ಮತ್ತು ಕಿಕ್‌ಸ್ಟಾರ್ಟ್ ಜೊತೆಯಾಗಿ ನಡೆಯುವುದಿಲ್ಲ. ಯಾವ ಇಮೇಜ್ ಹಾಕಬೇಕೆಂದು ಹೇಳುವ ಓಎಸ್‌ಟ್ರೀ-ಕಂಟೇನರ್ ಎಂಬ ಸಾಲನ್ನು ಮಾತ್ರ ಬರೆಯಬೇಡಿ, ಅದನ್ನು ಸಲಕರಣೆಯೇ ಸೇರಿಸುತ್ತದೆ. ಪಾಸ್‌ವರ್ಡ್ ಇದ್ದದ್ದು ಇದ್ದಂತೆ ಬರೆಯದೆ ಹ್ಯಾಶ್ ಮಾಡಿ ಹಾಕಿ. ಐಎಸ್ಒ ತೆರೆದರೆ ಯಾರು ಬೇಕಾದರೂ ಓದಬಹುದು.

ಇನ್ನು ಕಿಕ್‌ಸ್ಟಾರ್ಟ್‌ನ ಕ್ಲಿಯರ್‌ಪಾರ್ಟ್ ಆಲ್ ಎಂಬ ಸಾಲು. ಇದನ್ನು ಬರೆದ ಐಎಸ್ಒ ಯಾರನ್ನೂ ಏನನ್ನೂ ಕೇಳದೆ ಇಡೀ ಡಿಸ್ಕ್ ಅಳಿಸುತ್ತದೆ. ಖಾಲಿ ಯಂತ್ರಗಳ ಸಾಲಿಗೆ ಇದು ವರ. ವಿಂಡೋಸ್ ಜೊತೆಗಿರುವ ಪ್ರಾಂಶುಪಾಲರ ಕಂಪ್ಯೂಟರ್‌ಗೆ ಅದೇ ಪೆನ್‌ಡ್ರೈವ್ ಚುಚ್ಚಿದರೆ ಏನಾದೀತು ಎಂದು ಯೋಚಿಸಿ. ನಾನು ಎರಡು ಐಎಸ್ಒ ಇಟ್ಟಿದ್ದೇನೆ, ಒಂದರಲ್ಲಿ ಡಿಸ್ಕ್ ಹಂತವನ್ನು ಮನುಷ್ಯರ ಕೈಗೆ ಬಿಟ್ಟಿದ್ದೇನೆ. ಪೆನ್‌ಡ್ರೈವ್‌ಗಳ ಬಣ್ಣವೂ ಬೇರೆ.

ಡೆವ್‌ಆಪ್ಸ್ ಎಂಜಿನಿಯರ್, ಬೆಂಗಳೂರು:
ಗಿಟ್‌ಹಬ್ ಕೊಡುವ ಸಾಮಾನ್ಯ ರನ್ನರ್‌ನಲ್ಲಿ (ಬಿಲ್ಡ್ ನಡೆಯುವ ಯಂತ್ರ) ಸಿಗುವ ಡಿಸ್ಕ್ ಜಾಗ ಸುಮಾರು 14 ಜಿಬಿ. ಇಮೇಜ್, ಅದರ ಪ್ರತಿ, ಐಎಸ್ಒ ಎಲ್ಲ ಸೇರಿ ಅದು ಸಾಲದಾಗುತ್ತದೆ. ರನ್ನರ್‌ನಲ್ಲಿ ಮೊದಲೇ ಇರುವ ಡಾಟ್‌ನೆಟ್, ಆಂಡ್ರಾಯ್ಡ್ ಫೋಲ್ಡರ್‌ಗಳನ್ನು ಮೊದಲ ಹಂತದಲ್ಲೇ ಅಳಿಸಿ. ಗಿಟ್‌ಹಬ್ ರಿಲೀಸ್‌ನಲ್ಲಿ ಒಂದು ಕಡತ 2 ಜಿಬಿ ಮೀರುವಂತಿಲ್ಲ. ಡೆಸ್ಕ್‌ಟಾಪ್ ಇರುವ ಐಎಸ್ಒ ಅದರಲ್ಲಿ ಹಿಡಿಸುವುದಿಲ್ಲ. ಕಾಲೇಜಿನ ಸರ್ವರ್‌ಗೇ ಕಳುಹಿಸಿ, ಐಎಸ್ಒ ಹಾಳಾಗಿಲ್ಲವೆಂದು ಪರಿಶೀಲಿಸಲು ಪಕ್ಕದಲ್ಲಿ ಶಾ-256 ಮೊತ್ತದ ಕಡತವನ್ನೂ ಇಡಿ.

ಇನ್ನೊಂದು ವಿಷಯ: ಐಎಸ್ಒ ಮಾಡುವಾಗ ಇಮೇಜ್‌ಗೆ ರಿಜಿಸ್ಟ್ರಿಯ ಪೂರ್ಣ ಹೆಸರನ್ನೇ ಕೊಡಿ. ಯಂತ್ರ ಮುಂದೆ ಅಪ್‌ಡೇಟ್ ಹುಡುಕುವುದು ಆ ಹೆಸರಿನಲ್ಲೇ. ಲೋಕಲ್‌ಹೋಸ್ಟ್ ಎಂದು ಶುರುವಾಗುವ ಹೆಸರು ಒಳಹೊಕ್ಕರೆ ಇನ್‌ಸ್ಟಾಲ್ ಏನೋ ಸಲೀಸಾಗಿ ಮುಗಿಯುತ್ತದೆ, ಮೊದಲ ಅಪ್‌ಡೇಟ್‌ನಲ್ಲಿ ಯಂತ್ರ ಅನಾಥವಾಗುತ್ತದೆ. ಬೂಟ್‌ಸಿ ಸ್ವಿಚ್ ಆದೇಶದಿಂದ ಸರಿಪಡಿಸಬಹುದು, ಆದರೆ ಪ್ರತಿ ಯಂತ್ರದ ಮುಂದೆಯೂ ಕೂರಬೇಕು.

ಪರೀಕ್ಷೆಯನ್ನೂ ಅದೇ ಪೈಪ್‌ಲೈನ್‌ಗೆ ಸೇರಿಸಿ. ಕಿಕ್‌ಸ್ಟಾರ್ಟ್ ಕೊನೆಗೆ ಪವರ್‌ಆಫ್ ಇರಲಿ. ಕ್ಯೂಇಎಂಯು ಎಂಬ ವರ್ಚುವಲ್ ಯಂತ್ರದ ಒಳಗೆ ಐಎಸ್ಒ ಓಡಿಸಿ, ಅದು ತಾನಾಗಿ ಆರಿದ ಮೇಲೆ ಡಿಸ್ಕ್‌ನಿಂದ ಬೂಟ್ ಮಾಡಿ, ಎಸ್‌ಎಸ್‌ಎಚ್ ಮೂಲಕ ಬೂಟ್‌ಸಿ ಸ್ಟೇಟಸ್ ಕೇಳಿ. ಉತ್ತರದಲ್ಲಿ ರಿಜಿಸ್ಟ್ರಿಯ ಹೆಸರು ಬಂದರೆ ಮಾತ್ರ ಹಳೆಯ ಐಎಸ್ಒ ಜಾಗಕ್ಕೆ ಹೊಸದು ಹೋಗಬೇಕು.

ನೆಟ್‌ವರ್ಕ್ ಕೆಲಸದವರು, ಹುಬ್ಬಳ್ಳಿ:
ನನ್ನ ಮಟ್ಟಿಗೆ ಈ ಐಎಸ್ಒ ಸಾಹಸವೇ ಬೇಡ. ಫೆಡೋರಾದವರ ನೆಟ್‌ಇನ್‌ಸ್ಟಾಲ್ ಐಎಸ್ಒ ತೆಗೆದುಕೊಂಡು, ಬೂಟ್ ಸಾಲಿನಲ್ಲಿ ನಿಮ್ಮ ಕಿಕ್‌ಸ್ಟಾರ್ಟ್ ವಿಳಾಸ ಕೊಟ್ಟರೆ ಸಾಕು. ಈ ದಾರಿಯಲ್ಲಿ ಮಾತ್ರ ಓಎಸ್‌ಟ್ರೀ-ಕಂಟೇನರ್ ಸಾಲನ್ನು ನೀವೇ ಬರೆಯಬೇಕು. ಲ್ಯಾಬ್‌ನಲ್ಲಿ ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದಲೇ ಬೂಟ್ ಮಾಡುವ ವ್ಯವಸ್ಥೆ) ಇದ್ದರೆ ಪೆನ್‌ಡ್ರೈವ್ ಕೂಡ ಬೇಡ.

ಶಿವಮೊಗ್ಗದವರು:
ಇಂಟರ್ನೆಟ್ ಚೆನ್ನಾಗಿರುವ ಊರಿನ ಮಾತು ಸರ್ ಅದು. ಬೂಟ್‌ಸಿ-ಇಮೇಜ್-ಬಿಲ್ಡರ್ ಮಾಡಿದ ಐಎಸ್ಒದಲ್ಲಿ ಇಡೀ ಇಮೇಜ್ ಒಳಗೇ ಇರುತ್ತದೆ. ನೆಟ್ ಇಲ್ಲದ ಹಳ್ಳಿ ಶಾಲೆಯಲ್ಲಿ ನನ್ನ ಕೆಲಸ ನಡೆಯುವುದೇ ಅದರಿಂದ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ತಿಂಗಳಿಗೊಮ್ಮೆ ಐಎಸ್ಒ, ಜೊತೆಗೆ ಕ್ಯೂಇಎಂಯು ಪರೀಕ್ಷೆ ಎಂದು ತೀರ್ಮಾನಿಸಿದ್ದೇನೆ. ಒಂದು ಅನುಮಾನ ಉಳಿದಿದೆ: ಪ್ರಾಯೋಗಿಕ ಪರೀಕ್ಷೆ ನಡೆಯುವಾಗ ಯಂತ್ರಗಳು ತಾವಾಗಿ ಅಪ್‌ಡೇಟ್ ಆಗಿ ರೀಬೂಟ್ ಆಗುತ್ತವೆಯೇ?

ಸರ್ವರ್ ನಿರ್ವಾಹಕರು, ಮೈಸೂರು:
ಆಗಬಹುದು. ಬೂಟ್‌ಸಿ-ಫೆಚ್-ಅಪ್ಲೈ-ಅಪ್‌ಡೇಟ್ಸ್ ಎಂಬ ಟೈಮರ್ ಫೆಡೋರಾದ ಮೂಲ ಇಮೇಜ್‌ನಲ್ಲೇ ಚಾಲೂ ಇರುತ್ತದೆ, ಹೊಸದು ಕಂಡರೆ ರೀಬೂಟ್ ಕೂಡ ಮಾಡುತ್ತದೆ. ಕಂಟೇನರ್‌ಫೈಲ್‌ನಲ್ಲಿ ಸಿಸ್ಟಂಸಿಟಿಎಲ್ ಮಾಸ್ಕ್ ಹಾಕಿ ಅದನ್ನು ನಿಲ್ಲಿಸಿ, ಭಾನುವಾರ ರಾತ್ರಿ ಓಡುವ ನಿಮ್ಮದೇ ಟೈಮರ್ ಇಡಿ. ಆ ಹೊತ್ತಿಗೆ ಲ್ಯಾಬ್‌ನ ಮೇನ್ ಸ್ವಿಚ್ ಆಫ್ ಮಾಡುವ ಪದ್ಧತಿ ಇದ್ದರೆ ಶನಿವಾರ ಮಧ್ಯಾಹ್ನಕ್ಕೆ ಬದಲಾಯಿಸಿಕೊಳ್ಳಿ.