ಕೊಹೀರರ್‌ಗೆ ‘ಅಂಟುಗ’ ಸರಿಹೋಗುತ್ತಾ?

ಎಲ್ಲರಿಗೂ ನಮಸ್ಕಾರ. ಜಗದೀಶಚಂದ್ರ ಬೋಸರು 1895ರ ಹೊತ್ತಿಗೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಲ್ಲಿ ಮಾಡಿದ ಮೈಕ್ರೋವೇವ್ (ತುಂಬಾ ಗಿಡ್ಡ ರೇಡಿಯೋ ಅಲೆ) ಪ್ರಯೋಗಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಬರೀತಿದೀನಿ, ಎರಡು ಪದಕ್ಕೆ ಕನ್ನಡ ಹುಡುಕೋ ಹತ್ರ ಪೆನ್ನು ನಿಂತ್ಹೋಗಿದೆ.

ಮೊದಲನೇದು ಹಾರ್ನ್ ಆಂಟೆನಾ, ಅಂದ್ರೆ ಅಲೆ ಹಿಡಿಯೋ ಅಗಲ ಬಾಯಿಯ ಕೊಳವೆ. ‘ಕೊಂಬು’ ಅಂದ್ರೆ ತಪ್ಪೇನಲ್ಲ, ಊದೋ ವಾದ್ಯಕ್ಕೂ ನಾವು ಕೊಂಬು ಅಂತೀವಲ್ಲ. ಆದ್ರೆ ಬೋಸರೇ ಅದನ್ನ ಅಲೆ ಕೂಡಿಸೋ ಫನಲ್ ಅಂತ ಕರೆದಿದ್ರು. ಸೀಮೆಎಣ್ಣೆ ಬಾಟ್ಲಿಗೆ ಇಡ್ತಿದ್ವಲ್ಲ ಲಾಳಿಕೆ, ಅದೇ ಆಕಾರ, ಅಗಲ ಬಾಯಲ್ಲಿ ಬಿದ್ದಿದ್ದು ಸಣ್ಣ ಕೊಳವೆಗೆ ಇಳಿಯುತ್ತೆ. ಪುಸ್ತಕದ ‘ಆಲಿಕೆ’ಗಿಂತ ನಂಗೆ ಲಾಳಿಕೆನೇ ಇಷ್ಟ.

ನಿಜವಾದ ತೊಡಕು ಕೊಹೀರರ್‌ದು, ಅಂದ್ರೆ ರೇಡಿಯೋ ಅಲೆ ಬಂತಾ ಅಂತ ಪತ್ತೆ ಹಚ್ಚೋ ಉಪಕರಣದ್ದು. ಗಾಜಿನ ಕೊಳವೇಲಿ ಲೋಹದ ಅರದ ಪುಡಿ ತುಂಬಿಟ್ರೆ ರೇಡಿಯೋ ಅಲೆ ಬಡಿದ ಕೂಡ್ಲೇ ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತೆ, ಆಮೇಲೆ ಕೊಳವೇನ ತಟ್ಟಿದ್ರೇನೆ ಮೊದಲಿನ ಸ್ಥಿತಿಗೆ ಬರೋದು. 1890ರಲ್ಲಿ ಫ್ರಾನ್ಸಿನ ಬ್ರಾನ್ಲಿ ತೋರಿಸಿದ್ದು ಇದನ್ನೇ. ಕಣಗಳು ಒಂದಕ್ಕೊಂದು ಅಂಟ್ಕೊಳ್ಳುತ್ವೆ ಅಂತ ಆಲಿವರ್ ಲಾಡ್ಜ್ ಕೊಹೀರರ್ ಅನ್ನೋ ಹೆಸರಿಟ್ರು. ಅಲ್ಲಿಗೆ ‘ಅಂಟುಗ’ ಸರಿ.

ಬೋಸರು ಪುಡೀನೇ ತೆಗೆದುಹಾಕಿ, ಎಬೊನೈಟ್ (ಕರೆಂಟು ಹರಿಯದ ಗಟ್ಟಿ ರಬ್ಬರ್) ತುಂಡಲ್ಲಿ ಒಂದು ತಗ್ಗು ಕೊರೆದು ಅದರಲ್ಲಿ ಸಣ್ಣ ಸಣ್ಣ ಉಕ್ಕಿನ ಸ್ಪ್ರಿಂಗ್‌ಗಳನ್ನ ಒಂದೇ ಪದರವಾಗಿ ಪಕ್ಕಪಕ್ಕ ಜೋಡಿಸಿ, ಅವು ಒಂದಕ್ಕೊಂದು ಎಷ್ಟು ಒತ್ತಿಕೊಂಡಿರಬೇಕು ಅನ್ನೋದನ್ನ ಸ್ಕ್ರೂ ತಿರುಗಿಸಿ ಹದ ಮಾಡ್ತಿದ್ರು. ಆಮೇಲೆ ಬೇರೆ ಬೇರೆ ಲೋಹ ಇಟ್ಟು ನೋಡಿದಾಗ ಪೊಟ್ಯಾಸಿಯಂನಲ್ಲಿ ಉಲ್ಟಾ ಆಯ್ತು, ಅಲೆ ಬಿದ್ರೆ ರೋಧ (ಕರೆಂಟಿಗೆ ಆಗೋ ಅಡ್ಡಿ) ಕಮ್ಮಿ ಆಗೋ ಬದ್ಲು ಜಾಸ್ತಿ ಆಯ್ತು. ಅಂಟ್ಕೊಂಡಿದ್ರೆ ಹಂಗಾಗೋಕೆ ಸಾಧ್ಯನೇ ಇಲ್ವಲ್ಲ! ಅದಕ್ಕೇ ಅವರು ಆ ವಿವರಣೆ ಬಿಟ್ಟು ‘ಎಲೆಕ್ಟ್ರಿಕ್ ಟಚ್’ ಅನ್ನೋ ಮಾತು ತಂದ್ರು. ಈಗ ನಾನು ‘ಅಂಟುಗ’ ಅಂತ ಬರೆದ್ರೆ ಅವರು ಒಪ್ಪದೇ ಇದ್ದ ವಾದದ ಹೆಸರನ್ನೇ ಅವರ ಉಪಕರಣಕ್ಕೆ ಕಟ್ಟಿದಂಗಾಗುತ್ತೆ, ಅದು ನಂಗೆ ಸುತಾರಾಂ ಬೇಡ.

ಅವರ ‘ಟಚ್’ ಅನ್ನೋ ಮಾತಿಗೆ ‘ಸೋಂಕು’ ಎಷ್ಟು ಚೆಂದದ ಹಳೇ ಪದ, ತಾಗೋದು ಅನ್ನೋ ಅರ್ಥನೇ ಅದಕ್ಕಿದ್ದಿದ್ದು, ಆದ್ರೆ ಈಗಿನ ಮಕ್ಕಳಿಗೆ ಕಾಯಿಲೆ ಒಂದೇ ನೆನಪಾಗೋದು. ಹಾಗಾಗಿ ‘ತಾಕುಗ’ ಅಂತ ಯೋಚಿಸಿದೀನಿ, ತಾಕು ಕ್ರಿಯಾಪದಕ್ಕೆ -ಗ ಹಚ್ಚಿ. ಇದು ಕಿವಿಗೆ ಒಗ್ಗುತ್ತಾ? ನಿಮ್ಮ ಕಡೆ ಎರಡು ಲೋಹ ಹಗೂರಕ್ಕೆ ತಾಗ್ಕೊಂಡಿರೋದಕ್ಕೆ ವೈರಿಂಗ್ ಕೆಲಸದವರು, ರೇಡಿಯೋ ರಿಪೇರಿಯವರು ಬೇರೆ ಮಾತೇನಾದ್ರೂ ಬಳಸ್ತಾರಾ?