ಗೇಮ್ ರೆಕಾರ್ಡಿಂಗ್‌ನಲ್ಲಿ ಫ್ರೇಮ್ ಡ್ರಾಪ್ ಆಗ್ತಿದೆಯಾ, ಅಂದರೆ ವಿಡಿಯೊ ತಡೆದು ತಡೆದು ಬರ್ತಿದೆಯಾ? ಇವತ್ತು ಇಲ್ಲಿ ಕೇಳಿ

ರಿಪೇರಿ ಅಣ್ಣ: ಅಂಗಡಿ ಬಾಗಿಲು ಹಾಕುವವರೆಗೆ ಉತ್ತರ ಕೊಡುತ್ತೇನೆ. ಕೇಳುವ ಮೊದಲು ಒಬಿಎಸ್‌ನಲ್ಲಿ (ಸ್ಕ್ರೀನ್ ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ಸ್ಟ್ಯಾಟ್ಸ್ ತೆರೆದು ಯಾವ ಸಾಲಿನಲ್ಲಿ ಅಂಕಿ ಏರುತ್ತಿದೆ ನೋಡಿ. ರೆಂಡರಿಂಗ್ ಲ್ಯಾಗ್ ಅಂದರೆ ಗ್ರಾಫಿಕ್ಸ್ ಕಾರ್ಡ್‌ಗೆ ಪುರಸೊತ್ತಿಲ್ಲ. ಎನ್‌ಕೋಡಿಂಗ್ ಲ್ಯಾಗ್ ಅಂದರೆ ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ಎನ್‌ಕೋಡರ್‌ಗೆ ಏಗಲು ಆಗುತ್ತಿಲ್ಲ. ನೆಟ್‌ವರ್ಕ್ ಸಾಲು ಲೈವ್ ಹೋಗುವವರಿಗೆ ಮಾತ್ರ.

ಮಂಡ್ಯ ಗೇಮರ್: ಅಣ್ಣಾ, ಆಡುವಾಗ ಏನೂ ತೊಂದರೆ ಇಲ್ಲ, ವಿಡಿಯೊ ಮಾತ್ರ ತಡೆದು ತಡೆದು ಬರುತ್ತದೆ. ರೆಂಡರಿಂಗ್ ಲ್ಯಾಗ್ 14%.

ರಿಪೇರಿ ಅಣ್ಣ: ಆಟವೇ ಕಾರ್ಡನ್ನು ಪೂರ್ತಿ ತಿಂದರೆ ಒಬಿಎಸ್‌ಗೆ ಏನು ಉಳಿಯುತ್ತದೆ? ಆಟದಲ್ಲೇ ಫ್ರೇಮ್ ಸೆಕೆಂಡಿಗೆ 60ಕ್ಕೆ ಲಾಕ್ ಮಾಡಿ. ಒಬಿಎಸ್ ಅನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು ತೆರೆಯಿರಿ.

ಕುಂದಾಪ್ರ ಪ್ಲೇಸ್ಟೇಷನ್: ಸರ್, ಪ್ಲೇಸ್ಟೇಷನ್ ವಿಡಿಯೊ ಪಿಸಿಗೆ ತರುವ ಕ್ಯಾಪ್ಚರ್ ಕಾರ್ಡ್‌ನಲ್ಲಿ ಧ್ವನಿ ಹಿಂದೆ ಬೀಳುತ್ತದೆ, ಏನು ಮಾಡಲಿ?

ಶಿರಸಿ ಹುಡುಗ: ಅಣ್ಣಾ, ನನಗೆ ಮೊದಲ 20 ನಿಮಿಷ ಸರಿ ಬರುತ್ತದೆ, ಆಮೇಲೆ ಎನ್‌ಕೋಡಿಂಗ್ ಲ್ಯಾಗ್ ಏರುತ್ತಲೇ ಹೋಗುತ್ತದೆ. ಎನ್‌ಕೋಡರ್ ಎಕ್ಸ್264 ಇಟ್ಟಿದ್ದೇನೆ. 4 ವರ್ಷದ ಲ್ಯಾಪ್‌ಟಾಪ್, ಚಾರ್ಜರ್ ತೆಗೆಯುವುದೇ ಇಲ್ಲ, ಹಾಸಿಗೆ ಮೇಲೆ ಇಟ್ಟು ಆಡುತ್ತೇನೆ. ಟಚ್‌ಪ್ಯಾಡ್ ಕ್ಲಿಕ್ ಕೂಡ ಗಟ್ಟಿಯಾಗಿದೆ, ಅದು ಬೇರೆ ವಿಷಯ ಬಿಡಿ.

ದಾವಣಗೆರೆ ಪಿಸಿ: ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಎಲ್ಲಾ ಸರಿ ಹೋಗುತ್ತೆ.

ತುಮಕೂರು ಟೆಕ್: ಸುಮ್ನೆ ಖರ್ಚು ಹಚ್ಚಬೇಡಿ ಗುರೂ. ರೆಕಾರ್ಡಿಂಗ್ 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ಇದ್ದರೂ ಡಿಸ್ಕ್‌ಗೆ ಬರೆಯುವುದು ಸೆಕೆಂಡಿಗೆ 5 ಎಂಬಿ. ಒಳ್ಳೆ ಸ್ಥಿತಿಯ ಹಳೇ ಹಾರ್ಡ್ ಡಿಸ್ಕೇ ಸಾಕು.

ದಾವಣಗೆರೆ ಪಿಸಿ: ನಿಮ್ಮ ಲೆಕ್ಕ ನೀವೇ ಇಟ್ಕೊಳ್ಳಿ. ನನಗೆ ಎಸ್‌ಎಸ್‌ಡಿ ಹಾಕಿದ ಮೇಲೇ ಸರಿ ಹೋಗಿದ್ದು.

ರಿಪೇರಿ ಅಣ್ಣ: ಇಬ್ಬರೂ ಸ್ವಲ್ಪ ತಡೆಯಿರಿ. ಶಿರಸಿ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರೆ ಅಲ್ಲಾಡುತ್ತದಾ?

ಶಿರಸಿ ಹುಡುಗ: ಹೌದಣ್ಣಾ, ಒಂದು ಮೂಲೆ ಎದ್ದಿದೆ. ಟಚ್‌ಪ್ಯಾಡ್ ಪಕ್ಕದ ಸಂದಿಯಲ್ಲಿ ಉಗುರು ಹೋಗುತ್ತದೆ.

ರಿಪೇರಿ ಅಣ್ಣ: ಹಾಗಾದರೆ ಫ್ರೇಮ್ ವಿಷಯ ಆಮೇಲೆ. ಬ್ಯಾಟರಿ ಊದಿರಬೇಕು. ಒಳಗೆ ಗ್ಯಾಸ್ ತುಂಬಿ ಟಚ್‌ಪ್ಯಾಡನ್ನು ಕೆಳಗಿಂದ ನೂಕುತ್ತದೆ, ಕ್ಲಿಕ್ ಗಟ್ಟಿಯಾಗುವುದು ಅದಕ್ಕೇ. ಈಗಲೇ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ, ಹಾಸಿಗೆಯಿಂದ ಇಳಿಸಿ ಬರಿ ನೆಲದ ಮೇಲೆ ಇಡಿ, ಪಕ್ಕದಲ್ಲಿ ಬಟ್ಟೆ, ಪೇಪರ್ ಬೇಡ. ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ, ತೂತಾದರೆ ಬೆಂಕಿ ಹತ್ತಬಹುದು. ನಾಳೆ ಬೆಳಿಗ್ಗೆ ರಿಪೇರಿಯವರ ಹತ್ತಿರ ಒಯ್ದು ಬದಲಾಯಿಸಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ ಅವರಿಗೇ ಕೊಡಿ. ನಾಲ್ಕು ವರ್ಷ ಹಾಸಿಗೆ ಮೇಲೆ ಗಾಳಿ ಇಲ್ಲದೆ ಬೆಂದಿದೆ ಅದು, ಮೇಲಿಂದ ದಿನವಿಡೀ ಚಾರ್ಜ್. ನಿಮ್ಮ ಲ್ಯಾಗ್‌ಗೂ ಬಹುಶಃ ಅದೇ ಬಿಸಿ ಕಾರಣ. ಎಕ್ಸ್264 ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ, 95 ಡಿಗ್ರಿ ಹತ್ತಿರ ಹೋದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೇ 20 ನಿಮಿಷದ ಲೆಕ್ಕ. ಬ್ಯಾಟರಿ ಹಾಕಿಸುವಾಗ ಫ್ಯಾನ್ ಧೂಳು ತೆಗೆಸಿ, ಪ್ರೊಸೆಸರ್ ಬಿಸಿ ಹೊರಹೋಗಲು ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಲು ಹೇಳಿ. ಆಮೇಲೆ ಒಬಿಎಸ್‌ನಲ್ಲಿ ಎನ್‌ವೆಂಕ್ ಅಥವಾ ಕ್ವಿಕ್‌ಸಿಂಕ್ (ಗ್ರಾಫಿಕ್ಸ್ ಚಿಪ್‌ನಲ್ಲೇ ಓಡುವ ಎನ್‌ಕೋಡರ್‌ಗಳು) ಇದ್ದರೆ ಎಕ್ಸ್264 ಬಿಟ್ಟು ಅದಕ್ಕೆ ಬದಲಾಯಿಸಿ.

ಹಾಸನ ಫಾರ್ವರ್ಡ್: ಪೇಸ್ಟ್‌ಗೆ ದುಡ್ಡು ಯಾಕೆ? ಟೂತ್‌ಪೇಸ್ಟ್ ಹಚ್ಚಿದರೆ ಆಯ್ತಂತೆ. ವಿಂಡೋಸ್‌ನಲ್ಲಿ ಒಬಿಎಸ್‌ಗೆ ರಿಯಲ್‌ಟೈಮ್ ಪ್ರಯಾರಿಟಿ (ಎಲ್ಲಕ್ಕಿಂತ ಮೊದಲ ಆದ್ಯತೆ) ಕೊಟ್ಟರೆ ಲ್ಯಾಗ್ ಮಾಯ. ಬಂದಿದ್ದನ್ನು ಕಳಿಸಿದ್ದೇನೆ.

ರಿಪೇರಿ ಅಣ್ಣ: ಬಂದಿದ್ದನ್ನೆಲ್ಲಾ ಕಳಿಸಬೇಡಿ. ಟೂತ್‌ಪೇಸ್ಟ್ ಒಣಗಿ ಪುಡಿಯಾಗುತ್ತದೆ, ಕೆರೆದು ತೆಗೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ರಿಯಲ್‌ಟೈಮ್ ಕೊಟ್ಟರೆ ಮೌಸ್, ಕೀಬೋರ್ಡೇ ನಿಂತುಹೋಗಬಹುದು. ಆಮೇಲೆ ಇಲ್ಲೇ ಬಂದು ಅಳ್ತೀರಿ.

ಗದಗ ಗೇಮಿಂಗ್: ಸರ್ ನನಗೂ ಫ್ರೇಮ್ ಡ್ರಾಪ್ ಆಗ್ತಿದೆ ಪ್ಲೀಸ್ ಹೇಳಿ

ರಿಪೇರಿ ಅಣ್ಣ: ಸ್ಟ್ಯಾಟ್ಸ್?

ಗದಗ ಗೇಮಿಂಗ್: ಅದು ಎಲ್ಲಿದೆ ಸರ್

ರಿಪೇರಿ ಅಣ್ಣ: ಮೇಲಿನ ಮೆನುವಿನಲ್ಲಿ.

ದಾವಣಗೆರೆ ಪಿಸಿ: ರೆಕಾರ್ಡಿಂಗ್ ಫೈಲ್ ಫಾರ್ಮ್ಯಾಟ್ ಎಂಪಿ4 ಬಿಟ್ಟು ಎಂಕೆವಿ ಹಾಕಿ, ಲ್ಯಾಗ್ ಹೋಗುತ್ತೆ.

ತುಮಕೂರು ಟೆಕ್: ಅಯ್ಯೋ ಮಾರಾಯ್ರೇ, ಲ್ಯಾಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಮಧ್ಯೆ ಕರೆಂಟ್ ಹೋದರೆ ಎಂಪಿ4 ಫೈಲ್ ತೆರೆಯದೇ ಹೋಗಬಹುದು, ಎಂಕೆವಿ ಆದರೆ ಅಲ್ಲಿವರೆಗಿನದ್ದು ಉಳಿಯುತ್ತದೆ. ಅದಕ್ಕೆ ಅದು.

ದಾವಣಗೆರೆ ಪಿಸಿ: ಎಲ್ಲಾ ನಿಮಗೇ ಗೊತ್ತು, ನಾವೆಲ್ಲಾ ದಡ್ಡರು, ಅಲ್ವಾ?

ತುಮಕೂರು ಟೆಕ್: ನಾನು ಹಾಗಂದಿಲ್ಲ. ನೀವೇ ಅಂದುಕೊಂಡರೆ ನಾನೇನು ಮಾಡಲಿ.

ಮಂಡ್ಯ ಗೇಮರ್: 60ಕ್ಕೆ ಲಾಕ್ ಮಾಡಿದೆ ಅಣ್ಣಾ, ಲ್ಯಾಗ್ ಸೊನ್ನೆಗೆ ಬಂತು!

ಶಿರಸಿ ಹುಡುಗ: ಅಣ್ಣಾ, ರಾತ್ರಿ ವಿಡಿಯೊ ಹಾಕುತ್ತೇನೆ ಅಂದುಬಿಟ್ಟಿದ್ದೇನೆ. ಒಂದೇ ಒಂದು ರೆಕಾರ್ಡಿಂಗ್ ಮುಗಿಸಿ ಆಫ್ ಮಾಡಲಾ?

ರಿಪೇರಿ ಅಣ್ಣ: ಬೇಡ. ಇನ್ನೂ ಆಫ್ ಮಾಡಿಲ್ವಾ?

ಶಿರಸಿ ಹುಡುಗ: ಮಾಡಿದೆ. ಫೋನ್‌ನಲ್ಲಿ ಬರೆಯುತ್ತಿದ್ದೇನೆ. ನೆಲದ ಮೇಲೆ ಇಟ್ಟಿದ್ದೇನೆ.

ಕುಂದಾಪ್ರ ಪ್ಲೇಸ್ಟೇಷನ್: ಸರ್, ನನ್ನ ಪ್ರಶ್ನೆ?